ಗ್ಯಾಂಡರ್‌ನ ಐದು ದಿನ: ಕೊಟ್ಟವರಿಗೆ ಏನು ಸಿಕ್ಕಿತು?

2001ರ ಸೆಪ್ಟೆಂಬರ್ 11, ಮಂಗಳವಾರ. ಕೆನಡಾದ ಪೂರ್ವ ತುದಿಯ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಗ್ಯಾಂಡರ್ ಅನ್ನುವ ಒಂದು ಸಣ್ಣ ಊರಿದೆ. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಆ ದಿನ ಒಂದರ ಹಿಂದೆ ಒಂದು 38 ದೊಡ್ಡ ವಿಮಾನಗಳು ಇಳಿದವು. ಯಾವ ವಿಮಾನವೂ ಗ್ಯಾಂಡರ್‌ಗೆಂದು ಹೊರಟಿದ್ದಲ್ಲ. ಒಳಗೆ ಎಲ್ಲ ಸೇರಿ ಸುಮಾರು 6,600 ಜನ ಇದ್ದರು. ಊರಿನ ಜನಸಂಖ್ಯೆ ಆಗ 10,000ದ ಆಸುಪಾಸು. ಹತ್ತು ಜನರ ಮನೆಗೆ ಆರೇಳು ಮಂದಿ ನೆಂಟರು ಹೇಳದೆ ಕೇಳದೆ ಬಂದು ಇಳಿದ ಹಾಗೆ. ಬಂದವರು ಯಾರು, ಎಷ್ಟು ದಿನ ಇರುತ್ತಾರೆ ಅನ್ನೋದು ಯಾರಿಗೂ ಗೊತ್ತಿರಲಿಲ್ಲ.

ಗುರುತು ಪರಿಚಯ ಇಲ್ಲದವರಿಗೆ ಮಾಡುವ ಸಣ್ಣಪುಟ್ಟ ಉಪಕಾರದಿಂದ ಮಾಡಿದವರಿಗೆ ಏನು ಸಿಗುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ಗ್ಯಾಂಡರ್ ಪ್ರಕರಣವನ್ನು ಆರಿಸಿಕೊಂಡಿದ್ದೇನೆ. ಕಾರಣ ಇಷ್ಟೇ. ದೊಡ್ಡ ಮನಸ್ಸಿನ ಶ್ರೀಮಂತರ ಕಥೆಗಳು ನಮಗೆ ಬೇಕಾದಷ್ಟು ಸಿಗುತ್ತವೆ. ಇಲ್ಲಿ ಕೊಟ್ಟವರು ಸಾಮಾನ್ಯರು. ಕೊಟ್ಟಿದ್ದು ಟವೆಲ್ಲು, ಬಿಸಿನೀರು, ಸ್ಯಾಂಡ್‌ವಿಚ್, ಕಾರಿನಲ್ಲಿ ಒಂದು ಸುತ್ತು. ಅದರಿಂದ ಮುಂದೆ ಏನೇನಾಯಿತು ಅನ್ನುವುದನ್ನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲ ಹಿಂದಿರುಗಿ ನೋಡಬಹುದು.

ಆ ಊರೇ ಯಾಕೆ?

ಅವತ್ತು ಬೆಳಗ್ಗೆ ಉಗ್ರರು ಅಪಹರಿಸಿದ ವಿಮಾನಗಳಿಂದ ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ಮೇಲೆ ದಾಳಿ ನಡೆದ ಮೇಲೆ ಅಮೆರಿಕ ತನ್ನ ಇಡೀ ಆಕಾಶವನ್ನು ಮುಚ್ಚಿತು. ಯೂರೋಪಿನಿಂದ ಹೊರಟ ನೂರಾರು ವಿಮಾನಗಳು ಆ ಹೊತ್ತಿಗೆ ಅಟ್ಲಾಂಟಿಕ್ ಸಾಗರದ ಮೇಲೆ ಇದ್ದವು. ಅರ್ಧ ದಾರಿ ದಾಟಿದವಕ್ಕೆ ವಾಪಸ್ ಹೋಗುವಷ್ಟು ಇಂಧನ ಇರಲಿಲ್ಲ. ಕೆನಡಾ ‘ಆಪರೇಷನ್ ಯೆಲ್ಲೋ ರಿಬ್ಬನ್’ ಎಂಬ ಹೆಸರಿನಲ್ಲಿ ಅವುಗಳಿಗೆ ಜಾಗ ಕೊಟ್ಟಿತು. ಯಾವ ವಿಮಾನದಲ್ಲಿ ಏನಿದೆಯೋ ಅನ್ನುವ ಭಯ ಇತ್ತಲ್ಲ, ಹಾಗಾಗಿ ಟೊರಾಂಟೊ, ಮಾಂಟ್ರಿಯಲ್‌ನಂಥ ದೊಡ್ಡ ನಗರಗಳ ಕಡೆಗೆ ಆದಷ್ಟು ಬಿಡಲಿಲ್ಲ. ಪೂರ್ವ ಕರಾವಳಿಯ ಊರುಗಳಿಗೆ ತಿರುಗಿಸಿದರು. ಹ್ಯಾಲಿಫ್ಯಾಕ್ಸ್‌ಗೆ 47 ವಿಮಾನ ಬಂದವು. ಆದರೆ ಹ್ಯಾಲಿಫ್ಯಾಕ್ಸ್ ದೊಡ್ಡ ನಗರ. ಗ್ಯಾಂಡರ್ ಹಾಗಲ್ಲ.

ಇಷ್ಟು ಸಣ್ಣ ಊರಿಗೆ ಅಷ್ಟು ದೊಡ್ಡ ರನ್‌ವೇ ಎಲ್ಲಿಂದ ಬಂತು ಅಂತ ಅನಿಸಬಹುದು. ಗ್ಯಾಂಡರ್ ಹುಟ್ಟಿದ್ದೇ ವಿಮಾನ ನಿಲ್ದಾಣದಿಂದ. 1938ರಲ್ಲಿ ಆ ನಿಲ್ದಾಣ ಶುರುವಾಯಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಖಂಡದಿಂದ ಯೂರೋಪಿಗೆ ಹೋಗುವ ಯುದ್ಧವಿಮಾನಗಳು ಇಲ್ಲಿಂದಲೇ ಹಾರುತ್ತಿದ್ದವು. ಯುದ್ಧ ಮುಗಿದ ಮೇಲೆ ಸಾಗರ ದಾಟುವ ಪ್ರಯಾಣಿಕರ ವಿಮಾನಗಳು ಇಂಧನಕ್ಕಾಗಿ ಇಲ್ಲಿ ನಿಲ್ಲುತ್ತಿದ್ದವು. ಊರಿನ ಬೀದಿಗಳಿಗೆ ಹೆಸರಾಂತ ಪೈಲಟ್‌ಗಳ ಹೆಸರಿಟ್ಟಿದ್ದಾರೆ. ದೂರ ಹಾರುವ ಜೆಟ್‌ಗಳು ಬಂದ ಮೇಲೆ ಗ್ಯಾಂಡರ್‌ನಲ್ಲಿ ನಿಲ್ಲುವ ಅಗತ್ಯ ಕಡಿಮೆಯಾಯಿತು. ರನ್‌ವೇ ಮಾತ್ರ ಹಾಗೇ ಉಳಿಯಿತು.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ನ್ಯೂಫೌಂಡ್‌ಲ್ಯಾಂಡ್ ಸಿರಿವಂತ ನಾಡಲ್ಲ. ತಲೆತಲಾಂತರದಿಂದ ಅಲ್ಲಿನ ಜನ ಕಾಡ್ ಅನ್ನುವ ಕಡಲ ಮೀನು ಹಿಡಿದು ಬದುಕಿದವರು. ಮೀನು ಬರಿದಾಗುತ್ತಾ ಬಂದು 1992ರಲ್ಲಿ ಸರ್ಕಾರ ಕಾಡ್ ಮೀನುಗಾರಿಕೆಯನ್ನೇ ನಿಲ್ಲಿಸಿತು. ಸಾವಿರಾರು ಜನ ಕೆಲಸ ಕಳೆದುಕೊಂಡರು. ಎಷ್ಟೋ ಕುಟುಂಬಗಳು ದುಡಿಮೆ ಹುಡುಕಿಕೊಂಡು ಊರು ಬಿಟ್ಟವು. ಇದಾಗಿ ಹತ್ತು ವರ್ಷವೂ ಆಗಿರಲಿಲ್ಲ. ಜಾಸ್ತಿ ಇದ್ದವರು ಕೊಟ್ಟರು ಅನ್ನುವ ವಿವರಣೆ ಈ ಪ್ರಕರಣಕ್ಕೆ ಹೊಂದುವುದಿಲ್ಲ.

ನಡೆದದ್ದು

ವಿಮಾನ ಇಳಿದ ತಕ್ಷಣ ಜನರನ್ನು ಹೊರಗೆ ಬಿಡಲಿಲ್ಲ. ಒಂದೊಂದೇ ವಿಮಾನ ಖಾಲಿ ಮಾಡಿ, ಪ್ರತಿಯೊಬ್ಬರನ್ನೂ ತಪಾಸಣೆ ಮಾಡಿ, ಹೆಸರು ಬರೆದುಕೊಂಡು ಕಳಿಸಬೇಕಿತ್ತು. ಕೆಲವರು ಒಂದು ಇಡೀ ದಿನಕ್ಕಿಂತ ಹೆಚ್ಚು ಹೊತ್ತು ಸೀಟಿನಲ್ಲೇ ಕೂತಿದ್ದರು. ನ್ಯೂಯಾರ್ಕಿನಲ್ಲಿ ಏನಾಗಿದೆ ಎಂಬುದು ಅವರಿಗೆ ತುಂಡುತುಂಡಾಗಿ ಮಾತ್ರ ಗೊತ್ತಿತ್ತು. ದೃಶ್ಯ ನೋಡಿದ್ದು ಕೆಳಗಿಳಿದ ಮೇಲೆ, ಟಿವಿಯ ಮುಂದೆ. ಆಗ ಇಡೀ ಲೋಕ ಅದನ್ನು ನೋಡಿ ಒಂದು ದಿನ ಕಳೆದಿತ್ತು.

ಈ ಹೊತ್ತಿನಲ್ಲಿ ಊರಿನವರು ಕೈಕಟ್ಟಿ ಕೂರಲಿಲ್ಲ. ಮೇಯರ್ ಕ್ಲಾಡ್ ಎಲಿಯಟ್ ತುರ್ತು ಪರಿಸ್ಥಿತಿ ಘೋಷಿಸಿದರು. ಶಾಲೆ, ಚರ್ಚು, ಸಂಘಗಳ ಸಭಾಂಗಣಗಳೆಲ್ಲ ತಂಗುದಾಣಗಳಾದವು. ಹೋಟೆಲ್ ಕೋಣೆಗಳನ್ನು ಪೈಲಟ್ ಮತ್ತು ಸಿಬ್ಬಂದಿಗೆ ಮೀಸಲಿಟ್ಟರು. ಮತ್ತೆ ವಿಮಾನ ಹಾರಿಸಬೇಕಾದವರಿಗೆ ನಿದ್ದೆ ಬೇಕಲ್ವಾ, ಅದಕ್ಕೆ. ಊರಿನ ಶಾಲಾ ಬಸ್ ಚಾಲಕರು ಆಗ ಮುಷ್ಕರದಲ್ಲಿದ್ದರು. ಮುಷ್ಕರ ಬದಿಗಿಟ್ಟು ಬಂದು ಬಸ್ ಹತ್ತಿದರು. ಗ್ಯಾಂಡರ್‌ನಲ್ಲಿ ಜಾಗ ಸಾಲದೆ ಸುತ್ತಲಿನ ಲೂಯಿಸ್‌ಪೋರ್ಟ್, ಗ್ಯಾಂಬೊ, ಆ್ಯಪಲ್ಟನ್, ಗ್ಲೆನ್‌ವುಡ್, ನಾರಿಸ್ ಆರ್ಮ್ ಊರುಗಳಿಗೂ ಜನರನ್ನು ಕಳಿಸಿದರು.

ಮನೆಮನೆಯಿಂದ ಅಡುಗೆ ಬಂತು. ಎಷ್ಟು ಬಂತೆಂದರೆ ಇಡಲು ಜಾಗ ಸಾಲಲಿಲ್ಲ. ಮಂಜುಗಡ್ಡೆಯ ಮೇಲೆ ಹಾಕಿ ಆಟ ಆಡುವ ಊರಿನ ಒಳಾಂಗಣವನ್ನೇ ಫ್ರಿಜ್ ಮಾಡಿಕೊಂಡು ಊಟ ಜೋಡಿಸಿಟ್ಟರು.

ನನಗೆ ಈ ಪ್ರಕರಣದಲ್ಲಿ ಬಹಳ ಮುಖ್ಯ ಅನಿಸುವುದು ಊಟವಲ್ಲ. ಊಟ ಯಾರಿಗಾದರೂ ಹೊಳೆಯುತ್ತದೆ. ಅದರಾಚೆಗಿನ ಕೆಲಸಗಳನ್ನು ನೋಡಿ.

ಪ್ರಯಾಣಿಕರ ಲಗೇಜು ವಿಮಾನದ ಹೊಟ್ಟೆಯಲ್ಲೇ ಉಳಿಯಿತು. ಕೈಚೀಲ ಮಾತ್ರ ಜೊತೆಗೆ ಬಂದಿತ್ತು. ಬಿಪಿ, ಸಕ್ಕರೆ ಕಾಯಿಲೆ, ಹೃದಯದ ಮಾತ್ರೆ ಎಷ್ಟೋ ಜನರ ದೊಡ್ಡ ಪೆಟ್ಟಿಗೆಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಒಂದೇ ಔಷಧಿಗೆ ಒಂದೊಂದು ದೇಶದಲ್ಲಿ ಒಂದೊಂದು ಹೆಸರು. ಗ್ಯಾಂಡರ್‌ನ ಔಷಧಿ ಅಂಗಡಿಯವರು ಬೇರೆ ಬೇರೆ ದೇಶದ ವೈದ್ಯರಿಗೆ, ಔಷಧಿ ಅಂಗಡಿಗಳಿಗೆ ಫೋನ್ ಮಾಡಿ, ಯಾರಿಗೆ ಯಾವ ಮಾತ್ರೆ ಎಷ್ಟು ಪ್ರಮಾಣದಲ್ಲಿ ಬೇಕೆಂದು ಕೇಳಿ ತಿಳಿದು, ದುಡ್ಡು ತೆಗೆದುಕೊಳ್ಳದೆ ಕೊಟ್ಟರು. ಇದು ಯಾರ ಕಣ್ಣಿಗೂ ಬೀಳದ ಕೆಲಸ. ಬೇಸರ ಬರುವಷ್ಟು ತಾಳ್ಮೆ ಬೇಡುವ ಕೆಲಸ. ಒಬ್ಬ ಮುದುಕನಿಗೆ ರಾತ್ರಿಯ ಮಾತ್ರೆ ಸರಿಯಾಗಿ ಸಿಕ್ಕಿತು ಅಂದರೆ ಅದರ ಬೆಲೆ ಎಷ್ಟು ಅಂತ ಮನೆಯಲ್ಲಿ ರೋಗಿಗಳಿರುವವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಪ್ರಾಣಿಗಳು. ಲಗೇಜಿನ ಜೊತೆ ನಾಯಿ, ಬೆಕ್ಕುಗಳೂ ವಿಮಾನದ ಹೊಟ್ಟೆಯಲ್ಲಿ ಇದ್ದವು. ಅಮೆರಿಕದ ಒಂದು ಮೃಗಾಲಯಕ್ಕೆ ಹೊರಟಿದ್ದ ಎರಡು ಬೊನೊಬೊ ವಾನರಗಳೂ ಇದ್ದವು. ಊರಿನ ಪ್ರಾಣಿದಯಾ ಸಂಘದವರು ಲಗೇಜುಗಳ ಮಧ್ಯೆ ತೆವಳಿಕೊಂಡು ಹೋಗಿ ಅವಕ್ಕೆ ನೀರು, ಆಹಾರ ಕೊಟ್ಟರು, ಗೂಡು ತೊಳೆದರು.

ಸ್ನಾನದ ವಿಷಯ ಇನ್ನೂ ಚೆನ್ನಾಗಿದೆ. ಶಾಲೆಯ ನೆಲದ ಮೇಲೆ ಮಲಗಿದ ನೂರಾರು ಜನರಿಗೆ ಅಲ್ಲಿ ಸ್ನಾನಕ್ಕೆ ಅನುಕೂಲ ಸಾಲದು. ಊರಿನವರು ಬಂದು, ನಮ್ಮ ಮನೆಗೆ ಬನ್ನಿ, ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಒಗೆದುಕೊಳ್ಳಿ ಅಂತ ಕರೆದುಕೊಂಡು ಹೋದರು. ಹಿಂದಿನ ದಿನದವರೆಗೆ ಮುಖವೇ ನೋಡದ ಮನುಷ್ಯನನ್ನು ತಮ್ಮ ಬಚ್ಚಲುಮನೆಗೆ ಬಿಟ್ಟುಕೊಂಡರು. ಕೆಲವರು ತಮ್ಮ ಕಾರಿನ ಕೀಲಿಯನ್ನೇ ಕೊಟ್ಟರು. ದಾಳಿ ನಡೆದ ಮರುದಿನವದು. ಹೊರಗಿನವರನ್ನು ಕಂಡರೆ ಜಗತ್ತೇ ಅನುಮಾನ ಪಡುತ್ತಿದ್ದ ಸಮಯ. ಆ ಬಾಗಿಲು ತೆರೆದದ್ದು ಸಣ್ಣ ಮಾತಲ್ಲ.

ಫೋನ್ ಕಂಪನಿಯವರು ಸಾಲಾಗಿ ಫೋನ್‌ಗಳನ್ನು ಇಟ್ಟು, ಪ್ರಯಾಣಿಕರು ಊರಿಗೆ ಉಚಿತವಾಗಿ ಮಾತನಾಡುವ ವ್ಯವಸ್ಥೆ ಮಾಡಿದರು.

ಒಬ್ಬ ತಾಯಿಯ ಕಥೆ ಹೇಳಿ ಮುಂದೆ ಹೋಗುತ್ತೇನೆ. ಅವರು ಐರ್ಲೆಂಡ್‌ನಿಂದ ನ್ಯೂಯಾರ್ಕಿಗೆ ಮರಳುತ್ತಿದ್ದರು. ಮಗ ನ್ಯೂಯಾರ್ಕಿನಲ್ಲಿ ಅಗ್ನಿಶಾಮಕ ದಳದವನು. ದಾಳಿಗೊಳಗಾದ ವಿಶ್ವ ವಾಣಿಜ್ಯ ಕೇಂದ್ರದ ಗೋಪುರಗಳ ಕಡೆ ಹೋದವನ ಸುದ್ದಿ ಇಲ್ಲ. ತಾಯಿ ಫೋನಿನ ಪಕ್ಕದಿಂದ ಏಳಲೊಲ್ಲರು. ಗ್ಯಾಂಡರ್‌ನ ಒಬ್ಬ ಹೆಂಗಸು ಅವರ ಜೊತೆ ಕೂತರು. ಈಕೆಯ ಮಗನೂ ಸ್ವಯಂಸೇವಕನಾಗಿ ಅಗ್ನಿಶಾಮಕ ಕೆಲಸ ಮಾಡುವವನು. ಆ ಸಂಕಟ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೈಯಲ್ಲಿ ಪರಿಹಾರ ಇರಲಿಲ್ಲ. ಜೊತೆಗಿದ್ದರು, ನಗೆಮಾತು ಹೇಳಿದರು, ಸಾಧ್ಯವಾದಷ್ಟು ಹೊತ್ತು ಕಳೆಸಿದರು. ಮಗ ಉಳಿಯಲಿಲ್ಲ. ಆದರೆ ಆ ಇಬ್ಬರು ಹೆಂಗಸರ ಸ್ನೇಹ ಎಷ್ಟೋ ವರ್ಷ ಮುಂದುವರಿಯಿತು.

ಪಡೆದವರ ಮುಜುಗರ

ಇದು ಇಂಥ ಬರಹಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಭಾಗ. ಬರೀ ಪಡೆಯುತ್ತಾ ಇರುವುದು ಸುಲಭವಲ್ಲ. ವಿಮಾನದಲ್ಲಿ ಬಂದವರು ಹೆಚ್ಚಿನವರು ದುಡಿಯುವ, ತಮ್ಮ ಖರ್ಚು ತಾವೇ ನೋಡಿಕೊಳ್ಳುವ ಜನ. ಅವರಿಗೆ ಇದ್ದಕ್ಕಿದ್ದಂತೆ ಟೂತ್‌ಬ್ರಷ್ಷಿಗೂ ಇನ್ನೊಬ್ಬರ ಕೈ ನೋಡಬೇಕಾಗಿ ಬಂತು. ದುಡ್ಡು ಕೊಡಲು ಹೋದರೆ ಊರಿನವರು ತೆಗೆದುಕೊಳ್ಳುತ್ತಿರಲಿಲ್ಲ.

ಹಾಗಾಗಿ ಸುಮ್ನೆ ಕೂರಲಾರದವರು ಅಡುಗೆಮನೆಗೆ ಬಂದರು, ತಟ್ಟೆ ತೊಳೆದರು, ನೆಲ ಗುಡಿಸಿದರು. ಊರಿನವರು ಬೇಡ ಅನ್ನದೆ ಕೆಲಸ ಕೊಟ್ಟರು. ನನ್ನ ಲೆಕ್ಕದಲ್ಲಿ ಇದು ಅವರು ಕೊಟ್ಟ ಬಹಳ ದೊಡ್ಡ ಉಡುಗೊರೆ. ನೀವು ಅತಿಥಿ, ಸುಮ್ಮನೆ ಕೂತಿರಿ ಅನ್ನುವುದು ಒಂದು ಮಟ್ಟದವರೆಗೆ ಮರ್ಯಾದೆ. ಅದು ದಾಟಿದರೆ ಎದುರಿನವರನ್ನು ಚಿಕ್ಕವರನ್ನಾಗಿ ಮಾಡುತ್ತದೆ. ಒಟ್ಟಿಗೆ ಪಾತ್ರೆ ತೊಳೆದವರ ನಡುವೆ ದಾನಿ, ಬೇಡುವವ ಅನ್ನುವ ಗೆರೆ ಉಳಿಯುವುದಿಲ್ಲ. ಮುಂದೆ ಬಂದ ಸ್ನೇಹಗಳಿಗೆ ಬೇರು ಇಲ್ಲಿದೆ ಅನಿಸುತ್ತದೆ.

ತಿರುಗಿ ಬಂದದ್ದು

ಆ ವಾರದ ಕೊನೆಯ ಹೊತ್ತಿಗೆ ವಿಮಾನಗಳು ಒಂದೊಂದಾಗಿ ಹೊರಟವು. ಊರು ಖಾಲಿಯಾಯಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ.

ಫ್ರಾಂಕ್‌ಫರ್ಟ್‌ನಿಂದ ಅಟ್ಲಾಂಟಾಕ್ಕೆ ಹೊರಟಿದ್ದ ಡೆಲ್ಟಾ 15 ವಿಮಾನದ ಪ್ರಯಾಣಿಕರು ಲೂಯಿಸ್‌ಪೋರ್ಟ್‌ನಲ್ಲಿ ಉಳಿದಿದ್ದರು. ವಾಪಸ್ ಹೋಗುವಾಗ, ವಿಮಾನ ಇನ್ನೂ ಆಕಾಶದಲ್ಲಿರುವಾಗಲೇ, ಒಹಾಯೊದ ಒಬ್ಬ ಹಿರಿಯ ಮಹಿಳೆ ಒಂದು ಮಾತು ಮುಂದಿಟ್ಟರು. ಈ ಊರಿನವರು ದುಡ್ಡು ಮುಟ್ಟುವುದಿಲ್ಲ, ಅವರ ಮಕ್ಕಳ ಓದಿಗೆ ಕೊಡೋಣ. ಹಾಳೆ ಕೈಯಿಂದ ಕೈಗೆ ಹೋಯಿತು. ಇಳಿಯುವ ಮೊದಲೇ ಸುಮಾರು 15,000 ಡಾಲರ್ ಕೊಡುವುದಾಗಿ ಜನ ಬರೆದುಕೊಟ್ಟಿದ್ದರು. ಅದೇ ಲೂಯಿಸ್‌ಪೋರ್ಟ್‌ನ ಹೈಸ್ಕೂಲು ಮುಗಿಸುವ ಮಕ್ಕಳಿಗೆ ವಿದ್ಯಾರ್ಥಿವೇತನದ ನಿಧಿಯಾಯಿತು. ವರ್ಷದಿಂದ ವರ್ಷಕ್ಕೆ ಬೆಳೆದು ಹತ್ತು ಲಕ್ಷ ಡಾಲರ್ ದಾಟಿತು. ಆ ವಿಮಾನದವರು ಉಳಿದುಕೊಂಡಾಗ ಇನ್ನೂ ಹುಟ್ಟಿರದಿದ್ದ ಮಕ್ಕಳೂ ಮುಂದೆ ಅದರಿಂದ ಕಾಲೇಜಿಗೆ ಹೋದರು. ಅದೇ ಊರಿನ ಒಂದು ಶಾಲೆಗೆ, ಅಲ್ಲಿ ಉಳಿದುಕೊಂಡಿದ್ದ, ಅಮೆರಿಕದ ದತ್ತಿ ಸಂಸ್ಥೆ ರಾಕ್‌ಫೆಲ್ಲರ್ ಫೌಂಡೇಶನ್‌ನವರ ಕಡೆಯಿಂದ ಕಂಪ್ಯೂಟರ್‌ಗಳು ಬಂದವು.

2002ರಲ್ಲಿ ಜರ್ಮನಿಯ ವಿಮಾನ ಸಂಸ್ಥೆ ಲುಫ್ತಾನ್ಸಾ ತನ್ನ ಒಂದು ಏರ್‌ಬಸ್ ವಿಮಾನಕ್ಕೆ ಗ್ಯಾಂಡರ್ ಮತ್ತು ಹ್ಯಾಲಿಫ್ಯಾಕ್ಸ್ ಊರುಗಳ ಹೆಸರಿಟ್ಟಿತು. ಕುಸಿದ ಗೋಪುರದ ಉಕ್ಕಿನ ಒಂದು ತುಂಡು ಈಗ ಗ್ಯಾಂಡರ್‌ನ ವಿಮಾನ ವಸ್ತುಸಂಗ್ರಹಾಲಯದಲ್ಲಿದೆ. ಆ ದಿನಗಳಲ್ಲಿ ಅಲ್ಲೇ ಪರಿಚಯವಾದ ಬ್ರಿಟನ್ನಿನ ಒಬ್ಬರು ಮತ್ತು ಟೆಕ್ಸಸ್‌ನ ಒಬ್ಬರು ಮುಂದಿನ ವರ್ಷ ಮದುವೆಯಾದರು. ಪ್ರಯಾಣಿಕರಾಗಿ ಬಂದವರು ನೆಂಟರಾಗಿ ಮತ್ತೆ ಮತ್ತೆ ಬರುತ್ತಿದ್ದಾರೆ.

ಇದನ್ನೆಲ್ಲ ಓದಿ, ಉಪಕಾರ ಮಾಡಿದರೆ ದುಡ್ಡು, ಹೆಸರು ಬರುತ್ತದೆ ಎಂಬ ತೀರ್ಮಾನಕ್ಕೆ ಬರಬಾರದು. ಗ್ಯಾಂಡರ್‌ನ ಯಾವ ಮನೆಯವರೂ ಟವೆಲ್ಲು ಕೊಡುವಾಗ ನಿಧಿಯ ಕನಸು ಕಂಡಿರಲಿಲ್ಲ. ಎಷ್ಟೋ ಮನೆಗಳಿಗೆ ಆಮೇಲೆ ಏನೂ ಬರಲೂ ಇಲ್ಲ. ಆದರೂ ಆ ಊರಿನ ಜನ ಆ ಐದು ದಿನವನ್ನು ಹೊರೆ ಅಂತ ನೆನೆಸಿಕೊಳ್ಳುವುದಿಲ್ಲ. ತಮ್ಮ ಬದುಕಿನ ಒಳ್ಳೆಯ ದಿನಗಳೆಂದು ಹೇಳಿಕೊಳ್ಳುತ್ತಾರೆ. ಮೀನು ಹೋಗಿ, ಜೆಟ್‌ಗಳು ತಲೆಯ ಮೇಲೆ ನಿಲ್ಲದೆ ಹಾರಿಹೋಗಿ, ನಮ್ಮಿಂದ ಯಾರಿಗೆ ಏನಾಗಬೇಕಿದೆ ಅನ್ನುವ ಸ್ಥಿತಿಗೆ ಬಂದಿದ್ದ ಸೀಮೆಗೆ, ತಾನು ಬೇಕಾದ ಊರು ಎಂಬ ಭಾವನೆ ಮರಳಿ ಸಿಕ್ಕಿತು. ನಾನು ಇದನ್ನೇ ಅವರಿಗೆ ಸಿಕ್ಕ ಮುಖ್ಯ ಲಾಭ ಅಂತ ಕರೆಯುತ್ತೇನೆ.

ಯಾಕೆ ಹೀಗಾಗುತ್ತದೆ?

ಕೆನಡಾದ ಇನ್ನೊಂದು ತುದಿಯಲ್ಲಿ, ವ್ಯಾಂಕೂವರ್‌ನಲ್ಲಿ, ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಡನ್ ಮತ್ತು ಜೊತೆಗಾರರು ಒಂದು ಸರಳ ಪ್ರಯೋಗ ಮಾಡಿದರು. 2008ರಲ್ಲಿ ಅದು ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಬೆಳಗ್ಗೆ ಜನರಿಗೆ 5 ಅಥವಾ 20 ಡಾಲರ್ ಇದ್ದ ಲಕೋಟೆ ಕೊಟ್ಟರು. ಅರ್ಧ ಜನ ಅದನ್ನು ತಮಗಾಗಿ, ಅರ್ಧ ಜನ ಬೇರೆಯವರಿಗಾಗಿ ಸಂಜೆಯೊಳಗೆ ಖರ್ಚು ಮಾಡಬೇಕು. ಸಂಜೆ ಕೇಳಿದಾಗ ಬೇರೆಯವರಿಗೆ ಖರ್ಚು ಮಾಡಿದವರು ಹೆಚ್ಚು ಖುಷಿಯಾಗಿದ್ದರು. 5 ಡಾಲರೋ 20 ಡಾಲರೋ ಅನ್ನುವುದರಿಂದ ವ್ಯತ್ಯಾಸವಾಗಲಿಲ್ಲ. ಫಲಿತಾಂಶ ಗೊತ್ತಿಲ್ಲದ ಇನ್ನೊಂದು ಗುಂಪನ್ನು ಕೇಳಿದಾಗ ಅವರು ಎರಡನ್ನೂ ತಪ್ಪಾಗಿ ಊಹಿಸಿದರು. ತಮಗೇ ಖರ್ಚು ಮಾಡಿದರೆ ಖುಷಿ ಜಾಸ್ತಿ, ದೊಡ್ಡ ಮೊತ್ತವಾದರೆ ಇನ್ನೂ ಜಾಸ್ತಿ ಅಂದರು.

ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಕೆಲಸ ಇನ್ನೊಂದು ಕಡೆಯಿಂದ ನೋಡುತ್ತದೆ. ಶಿಕಾಗೊದ ಚಳಿಯಲ್ಲಿ, ಒಂದು ಸ್ಕೇಟಿಂಗ್ ಅಂಗಳದಲ್ಲಿ, ಜನರ ಕೈಗೆ ಒಂದು ಲೋಟ ಹಾಟ್ ಚಾಕೊಲೇಟ್ ಕೊಟ್ಟು, ಬೇಕಾದರೆ ನೀವೇ ಇಟ್ಟುಕೊಳ್ಳಿ, ಇಲ್ಲವೇ ಗುರುತಿಲ್ಲದ ಯಾರಿಗಾದರೂ ಕೊಡಿ ಅಂದರು. ಹೆಚ್ಚಿನವರು ಕೊಟ್ಟರು. ಕೊಟ್ಟವರು ಇದೇನು ಮಹಾ ಅಂದುಕೊಂಡರು. ಪಡೆದವರಿಗೆ ಅದು ಅವರು ಅಂದುಕೊಂಡದ್ದಕ್ಕಿಂತ ಬಹಳ ದೊಡ್ಡದಾಗಿ ಕಂಡಿತು. ಕೊಡುವವರ ಗಮನ ವಸ್ತುವಿನ ಮೇಲೆ, ಪಡೆಯುವವರ ಗಮನ ಅದರ ಹಿಂದಿನ ಅಕ್ಕರೆಯ ಮೇಲೆ ಅನ್ನುವುದು ಅವರ ವಿವರಣೆ.

ಗ್ಯಾಂಡರ್‌ನವರನ್ನು ಕೇಳಿದರೆ, ನಾವೇನು ಮಹಾ ಮಾಡಿದೆವು, ಯಾರಾದರೂ ಇಷ್ಟು ಮಾಡುತ್ತಾರೆ ಎಂಬ ಅರ್ಥದ ಮಾತೇ ಬರುತ್ತದೆ. ಇದನ್ನು ಬರೀ ವಿನಯ ಅಂತ ನಾನು ಓದುವುದಿಲ್ಲ. ಕೊಟ್ಟವರಿಗೆ ಅದು ನಿಜಕ್ಕೂ ಒಂದು ಟವೆಲ್ಲು. ಪಡೆದವರಿಗೆ ಮಾತ್ರ ಅದು ಇಪ್ಪತ್ತು ವರ್ಷ ಮರೆಯಲಾಗದ್ದು. ನಾವೆಲ್ಲ ದಿನಾ ಎಷ್ಟೋ ಸಣ್ಣ ಉಪಕಾರಗಳನ್ನು ಮಾಡದೆ ಬಿಡುವುದು ಕೆಟ್ಟತನದಿಂದ ಅಲ್ಲ. ಇಷ್ಟರಿಂದ ಏನಾದೀತು ಎಂಬ ತಪ್ಪು ಅಂದಾಜಿನಿಂದ.

ಮಿತಿಗಳು

ಗ್ಯಾಂಡರ್‌ನಲ್ಲಿ ಅನುಕೂಲ ಮಾಡಿಕೊಟ್ಟ ಸಂಗತಿಗಳೂ ಇದ್ದವು. ಅಗತ್ಯ ಕಣ್ಣೆದುರೇ ಇತ್ತು, ಅದು ನಿಜವೇ ಎಂದು ಯಾರೂ ಅನುಮಾನ ಪಡುವಂತಿರಲಿಲ್ಲ. ಐದೇ ದಿನದ ಮಾತು. ಐದು ತಿಂಗಳಾಗಿದ್ದರೆ ಯಾವ ಊರಾದರೂ ದಣಿಯುತ್ತಿತ್ತು. ಮೇಯರ್, ಪೊಲೀಸರು, ರೆಡ್ ಕ್ರಾಸ್, ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆ ಎಲ್ಲ ಸೇರಿ ಒಂದು ಅಚ್ಚುಕಟ್ಟು ಇತ್ತು. ಒಬ್ಬೊಬ್ಬರ ಪಾಲಿಗೆ ಬಂದ ಕೆಲಸ ಸಣ್ಣದಾಗಿ ಉಳಿದಿದ್ದು ಆ ಅಚ್ಚುಕಟ್ಟಿನಿಂದ. ಊರಿಗೆ ವಿಮಾನ ಮತ್ತು ದುಃಖ ಎರಡರ ಅನುಭವವೂ ಇತ್ತು. 1985ರ ಡಿಸೆಂಬರ್‌ನಲ್ಲಿ ಅಮೆರಿಕದ ಸೈನಿಕರು ಊರಿಗೆ ಮರಳುತ್ತಿದ್ದ ವಿಮಾನ ಗ್ಯಾಂಡರ್‌ನಲ್ಲಿ ಹಾರಿದ ಕೂಡಲೇ ಬಿದ್ದು 256 ಜನ ಸತ್ತಿದ್ದರು. ಅದನ್ನು ಕಂಡವರು, ಶವಗಳ ಮಧ್ಯೆ ಕೆಲಸ ಮಾಡಿದವರು 2001ರಲ್ಲೂ ಆ ಊರಿನಲ್ಲಿದ್ದರು. ಗ್ಯಾಂಡರ್‌ನವರು ಬೇರೆಯೇ ಥರದ ಒಳ್ಳೆಯ ಜನ ಅಂದು ಸುಮ್ಮನಾಗುವುದು ಇದಕ್ಕೇ ನನಗೆ ಒಪ್ಪಿಗೆಯಿಲ್ಲ. ಹಾಗೆ ಅಂದರೆ ಉಳಿದ ನಮಗೆಲ್ಲ ರಜೆ ಕೊಟ್ಟಂತೆ.

ದಾಳಿ ಇಲ್ಲ, ಸಿಕ್ಕಿಬಿದ್ದ ವಿಮಾನ ಇಲ್ಲ. ಎಲ್ಲರೂ ಅವರವರ ಕೆಲಸಕ್ಕೆ ಹೋಗುವ ಸಾಮಾನ್ಯ ದಿನದಲ್ಲಿ ಇದು ನಡೆಯುತ್ತದೆಯೇ? ಗ್ಯಾಂಡರ್‌ನಲ್ಲಿ ಉಳಿದಿದ್ದ ಟೆಕ್ಸಸ್‌ನ ಆಸ್ಟಿನ್ ನಗರದ ಒಬ್ಬ ಉದ್ಯಮಿ ಇದಕ್ಕೆ ತಮ್ಮದೇ ದಾರಿ ಕಂಡುಕೊಂಡರು. 2002ರ ಸೆಪ್ಟೆಂಬರ್ 11ರಂದು ತಮ್ಮ ಕಚೇರಿಯ ಕೆಲಸ ನಿಲ್ಲಿಸಿ, ನೌಕರರಿಗೆ ದುಡ್ಡು ಕೊಟ್ಟು, ಹೊರಗೆ ಹೋಗಿ ಗುರುತಿಲ್ಲದವರಿಗೆ ಏನಾದರೂ ಒಳ್ಳೆಯದು ಮಾಡಿ ಬನ್ನಿ ಅಂದರು. ಯಾರಿಗೆ, ಏನು ಅನ್ನುವುದು ನೌಕರರಿಗೇ ಬಿಟ್ಟಿದ್ದು. ಮುಂದಿನ ವರ್ಷಗಳಲ್ಲೂ ಅವರು ಅದನ್ನು ಮುಂದುವರಿಸಿದರು, ಬೇರೆಯವರೂ ಸೇರಿಕೊಂಡರು.